ಕಛೇರಿ ಕೇಳಿದವನಿಗೆ ಕಛೇರಿಯಲ್ಲೇ ಕುರ್ಚಿ

ಮಾನ್ಯ ನಗರಾಡಳಿತದ ಆಯುಕ್ತರೇ,

ಕೊಡುತ್ತೇವೆಂದದ್ದು: ತಿಂಗಳಿಗೊಂದು ಕಛೇರಿ, ಪುರಭವನದ ವೇದಿಕೆ, ಏನು ನುಡಿಸಬೇಕೆಂಬ ಆಯ್ಕೆ, ಜೊತೆಗೆ ಸಂಬಳ. ಕೊಡದೇ ಹೋದದ್ದು: ಸಂಬಳವೊಂದನ್ನು ಬಿಟ್ಟು ಉಳಿದದ್ದೆಲ್ಲ.

ನಿಮ್ಮ ಆದೇಶದಲ್ಲಿ ‘ನಗರ ಕಲಾವಿದರು ಕಛೇರಿಯಲ್ಲಿ ಪಿಟೀಲು ನುಡಿಸತಕ್ಕದ್ದು’ ಎಂದಿತ್ತು. ಕಛೇರಿ ಎಂದರೆ ನನ್ನಂಥವರಿಗೆ ಎದುರು ಕೂತು ಕೇಳುವ ಜನ. ನಿಮ್ಮವರಿಗೆ ಕಡತ, ಕೌಂಟರು, ಸಾಲು. ಹಾಗಾಗಿ ನೀರಿನ ದೂರು ತೆಗೆದುಕೊಳ್ಳುವ ಕಿಟಕಿಯ ಪಕ್ಕ ನನಗೊಂದು ಕುರ್ಚಿ ಹಾಕಿದರು. ತಪ್ಪಾಗಿದೆ ಎಂದು ಹೇಳಲು ಹೋದರೆ ಮ್ಯಾನೇಜರು ನಕ್ಕರು. "ಕಛೇರಿ ಕೇಳಿದ್ರಿ, ಕಛೇರಿನೇ ಕೊಟ್ಟಿದೀವಿ. ಫ್ಯಾನೂ ಇದೆ. ಇನ್ನೇನ್ ಬೇಕ್ರೀ?" ಹೀಗೆ ನಿಘಂಟು ನೋಡಿ ಆಡಳಿತ ನಡೆಸುವವರನ್ನು ಮೆಚ್ಚಲೇಬೇಕು.

ಕುಳಿತೆ. ಹೊಟ್ಟೆಪಾಡಿಗೆ ನುಡಿಸುವುದು ಅವಮಾನವೆಂದು ತಿಳಿದವನಲ್ಲ ನಾನು. ಮದುವೆ ಊಟದ ಗದ್ದಲದಲ್ಲಿ, ಹೋಟೆಲಿನ ಲಿಫ್ಟಿನ ಪಕ್ಕದಲ್ಲಿ, ಚಪ್ಪಲಿ ಅಂಗಡಿಯ ಉದ್ಘಾಟನೆಯಲ್ಲಿ ನುಡಿಸಿದ್ದೇನೆ. ಕೇಳದವರು ಕೇಳಲಿಲ್ಲ, ಕೇಳಿದವರು ತಲೆದೂಗಿದರು. ಆದರೆ ನನ್ನ ಕಮಾನನ್ನು ಇನ್ನೊಬ್ಬರ ಬಾಯಿಗೆ ತುರುಕಲು ಅಲ್ಲಿ ಯಾರೂ ಹೇಳಿರಲಿಲ್ಲ. ನಿಮ್ಮಲ್ಲಿ ಅದೇ ಕೆಲಸ. ಸಾಲಿನಲ್ಲಿ ಯಾರದಾದರೂ ದನಿ ಏರಿದರೆ ಮ್ಯಾನೇಜರು ಕೈಯೆತ್ತುತ್ತಾರೆ, ನಾನು ಪಿಟೀಲನ್ನು ಏರಿಸಬೇಕು.

ಹೋದ ಸೋಮವಾರ ಒಬ್ಬ ಅಜ್ಜಿ ಬಂದರು. ಅವರ ಓಣಿಯ ನಲ್ಲಿಯಲ್ಲಿ ಚರಂಡಿ ನೀರು ಬರುತ್ತಿದೆ, ಕುಡಿದ ಮೊಮ್ಮಗಳು ಆಸ್ಪತ್ರೆಯಲ್ಲಿದ್ದಾಳೆ. ಹೇಳುತ್ತ ಹೇಳುತ್ತ ಅವರ ದನಿ ಏರಿತು. ಮ್ಯಾನೇಜರರ ಕೈ ಮೇಲೆದ್ದಿತು. ನಾನೂ ಏರಿಸಿದೆ. ಅವರು ನನ್ನ ಕಡೆ ತಿರುಗಿದರು, ಮುಖದಲ್ಲಿ ಸಿಟ್ಟಿರಲಿಲ್ಲ.

"ಚೆನ್ನಾಗಿ ನುಡಿಸ್ತೀಯಪ್ಪ. ನಂದೊಂದು ಮಾತು ಮುಗೀಲಿ, ಆಮೇಲೆ ನುಡಿಸ್ತೀಯಾ?"

ಕಮಾನು ಕೆಳಗಿಟ್ಟೆ. ಮರುದಿನವೇ ನೋಟಿಸು ಬಂತು: ‘ಕರ್ತವ್ಯದ ವೇಳೆಯಲ್ಲಿ ಮೌನ, ವಜಾ ಏಕೆ ಮಾಡಬಾರದು?’ ಆ ಓಣಿಯ ಕೊಳವೆ ಒಡೆದಂದಿನಿಂದ ನಿಮ್ಮ ಇಡೀ ಇಲಾಖೆ ಮಾಡುತ್ತಿರುವುದಾದರೂ ಏನು ಸ್ವಾಮಿ? ಆ ಮೌನಕ್ಕೆ ಬಡ್ತಿ, ನನ್ನ ಮೌನಕ್ಕೆ ವಜಾ?

ನೋಟಿಸನ್ನು ಮನೆಯಲ್ಲಿ ಓದಿ ಹೇಳಿದೆ. ಹೆಂಡತಿಗೆ ಮಂಡಿನೋವು, ಹೊಲಿಗೆ ಯಂತ್ರ ತುಳಿಯುವುದು ನಿಂತೇಹೋಗಿದೆ. ಮನೆ ನಡೆಯುವುದು ಈ ಸಂಬಳದಲ್ಲೇ. ನೋಟಿಸನ್ನು ಮಡಚಿ ನನ್ನ ಕೈಗಿಟ್ಟು, "ಬಿಡಿ ಅನ್ನೋಕೆ ಧೈರ್ಯ ಇಲ್ಲ ರೀ. ಬಿಡಬೇಡಿ ಅನ್ನೋಕೆ ಬಾಯಿ ಬರಲ್ಲ" ಅಂದಳು. ನನ್ನ ಗತಿಯೂ ಅದೇ. ನಿಮ್ಮ ಕಾಲು ಹಿಡಿದುಬಿಡೋಣ ಅನಿಸುತ್ತದೆ. ಹಿಡಿದ ಕೈಗೆ ಮತ್ತೆ ಸ್ವರ ಒಲಿಯುವುದೇ ಎಂದು ಹೆದರಿಕೆಯಾಗುತ್ತದೆ.

ಬೇಡಿಕೆ ಇಷ್ಟೇ. ಕೆಲಸ ಕಿತ್ತುಕೊಳ್ಳಬೇಡಿ. ಪುರಭವನ ಕೊಡಿ, ಆಗದಿದ್ದರೆ ಉದ್ಯಾನದ ಒಂದು ಮೂಲೆ ಕೊಡಿ, ಶಾಲೆಗಳಿಗೆ ಕಳಿಸಿ. ದೂರಿನ ಕಿಟಕಿಯ ಬಳಿ ಮಾತ್ರ ನುಡಿಸಲಾರೆ. ವಿಚಾರಣೆಗೆ ಸಾಕ್ಷಿ ಕರೆತರಬಹುದೆಂದು ನಿಮ್ಮ ನೋಟಿಸೇ ಹೇಳುತ್ತದೆ. ಆ ಅಜ್ಜಿ ಬರಲು ಒಪ್ಪಿದ್ದಾರೆ. ಮೊದಲು ಅವರ ದೂರು ಬರೆದುಕೊಳ್ಳಿ, ನನ್ನ ಮೇಲಿನದು ಆಮೇಲೆ. ವಿಚಾರಣೆಗೆ ನೀವೇ ಗೊತ್ತುಮಾಡಿದಂತೆ ಬರುವ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಿಮ್ಮ ಕೊಠಡಿಯಲ್ಲಿ.

ಇಂತಿ,
ಗುರುವಾರದವರೆಗಂತೂ ನಿಮ್ಮವನಾದ
ನಗರ ಕಲಾವಿದ