ಮೂರು ಎಂದವಳು ನಾನೇ

ವಿರೋಧ ಪಕ್ಷದ ಮಾನ್ಯ ನಾಯಕರೇ,

ನಿಮ್ಮ ಭಾಷಣಗಳಲ್ಲಿ ಬರುವ ‘ಲಾಂಡ್ರಿಯ ಮೂರು ಮಕ್ಕಳ ತಾಯಿ’ ನಾನೇ. ನನ್ನ ಮನೆಯಲ್ಲಿ ಒಂದು ಮಗುವೂ ಇಲ್ಲ. ನಿಮ್ಮ ಸಮಯ ಅಮೂಲ್ಯವಾದುದರಿಂದ ಈ ಎರಡೂ ಮಾತನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಇಷ್ಟಕ್ಕೇ ಪತ್ರ ಮಡಚಿಡುವ ಮನಸ್ಸಾದರೆ ಇಡಬಹುದು. ಆದರೆ ನನ್ನ ಮುಖವನ್ನು ನೀವು ಊರೆಲ್ಲ ಅಂಟಿಸಿದ್ದೀರಿ, ಆ ಋಣಕ್ಕಾದರೂ ಪೂರ್ತಿ ಓದಿ.

ಬಸ್ ನಿಲ್ದಾಣದ ಗೋಡೆಯ ಮೇಲೆ ನಾವಿಬ್ಬರೂ ಇದ್ದೇವೆ. ನನ್ನ ಕೈಯಲ್ಲಿ ಬಿಳಿ ಬೆಡ್‌ಶೀಟು, ನಿಮ್ಮ ಮುಖದಲ್ಲಿ ಬಿಳಿ ನಗು. ಕೆಳಗೆ ‘ಸವಲತ್ತಿನಿಂದಲ್ಲ, ಸಂಕಲ್ಪದಿಂದ!’ ಎಂಬ ದಪ್ಪಕ್ಷರ. ಜನನ ಪ್ರಮಾಣ ಕುಸಿಯುತ್ತಿದೆ, ತೊಟ್ಟಿಲುಗಳು ಖಾಲಿ ಬಿದ್ದಿವೆ, ಹೆಂಗಸರು ಸುಖಕ್ಕೆ ಬಿದ್ದು ಹೆರುವುದನ್ನೇ ಮರೆತಿದ್ದಾರೆ ಎಂಬುದು ತಮ್ಮ ವಾದ. ಬಸುರಿಯರಿಗೆ ಸಂಬಳದ ರಜೆ ಮತ್ತು ಕೂತು ಮಾಡುವ ಕೆಲಸ ಕೊಡಬೇಕೆಂಬ ಮಸೂದೆಯನ್ನು ‘ಸೋಮಾರಿಗಳ ಭತ್ಯೆ’ ಎಂದು ಕರೆದು ಸದನದಲ್ಲಿ ಹರಿದು ಹಾಕಿದಿರಿ. (ಆಳುವವರೂ ಅದನ್ನು ಎರಡು ವರ್ಷ ಕಡತದಲ್ಲಿ ಮಲಗಿಸಿದ್ದರು, ಅವರಿಗೆ ಬೇರೆ ಪತ್ರ ಬರೆಯುತ್ತೇನೆ.) ಹರಿದಾದ ಮೇಲೆ ನನ್ನ ಕಥೆ ಹೇಳಿದಿರಿ. ದಿನಕ್ಕೆ ಒಂಬತ್ತು ಗಂಟೆ ನಿಂತು ದುಡಿಯುತ್ತಲೇ ಮೂರು ಹೆತ್ತವಳು, ಯಾವ ಸವಲತ್ತನ್ನೂ ಕೇಳದವಳು ಎಂದಿರಿ. ಚಪ್ಪಾಳೆ ಬಿತ್ತಂತೆ.

ಕೇಳಿದ್ದೆ ಸ್ವಾಮಿ. ಒಂದು ಸ್ಟೂಲು ಕೇಳಿದ್ದೆ.

ನಾನು ಕೆಲಸ ಮಾಡುವುದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಬಿಸಿ ರೋಲರಿನ ಆ ಕಡೆಯಿಂದ ಒದ್ದೆ ಬೆಡ್‌ಶೀಟು ಹೋಗುತ್ತದೆ, ಈ ಕಡೆ ಸುಡುತ್ತಾ ಬರುತ್ತದೆ. ಇಬ್ಬರು ಎದುರುಬದುರು ನಿಂತು ಹಿಡಿದು ಮಡಚಬೇಕು. ಹೆರಿಗೆ ವಾರ್ಡಿನಿಂದ ಕೂಸುಗಳನ್ನು ಸುತ್ತುವ ಸಣ್ಣ ಟವೆಲುಗಳೂ ಬರುತ್ತವೆ. ಮೊದಲು ದಿನಕ್ಕೆ ನಾಲ್ಕು ಮೂಟೆ ಬರುತ್ತಿತ್ತು, ಈಗ ಒಂದೂವರೆ. ಕುಸಿತ ನಿಮಗೆ ಅಂಕಿಅಂಶದಲ್ಲಿ ಕಂಡಿದೆ, ನನ್ನ ಕೈಗೆ ಅದಕ್ಕಿಂತ ಮೊದಲೇ ಗೊತ್ತಾಗಿತ್ತು.

ಮೊದಲನೆಯದು ಮೂರನೇ ತಿಂಗಳಿಗೆ ಹೋಯಿತು, ಎರಡನೆಯದು ಐದಕ್ಕೆ. “ಇವಳಿಗೆ ನಿಲ್ಲಲ್ಲ ಕಣೋ” ಎಂದು ಅತ್ತೆ ಅಡುಗೆಮನೆಯಿಂದ ಮಗನಿಗೆ ಹೇಳಿದ್ದು ನನಗೂ ಕೇಳಿಸಿತು. ಎಂಥ ಪದ ನೋಡಿ! ನಾನು ನಿಂತೇ ಇದ್ದೆ, ಬಸಿರು ಮಾತ್ರ ನಿಲ್ಲುತ್ತಿರಲಿಲ್ಲ. ಮೂರನೆಯದಕ್ಕೆ ಡಾಕ್ಟರಮ್ಮ ಕಾಲು ಊದಿದ್ದನ್ನು ಒತ್ತಿ ನೋಡಿ, “ಕೂತ್ಕೊಂಡು ಮಾಡೋ ಕೆಲಸ ಕೇಳಮ್ಮ” ಎಂದರು. ಮೇಸ್ತ್ರಿಯ ಹತ್ತಿರ ಹೋದೆ. “ಕೂತ್ರೆ ಕೈ ನಿಧಾನ ಆಗತ್ತೆ. ಅಲ್ಲದೆ ಕುರ್ಚಿ ಎಲ್ಲಿಂದ ತರ್ಲಿ ತಾಯಿ, ನನ್ನ ತಲೆ ಮೇಲಿಂದಲಾ?” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಎಂಟನೇ ತಿಂಗಳಲ್ಲಿ ಹೆಣ್ಣು ಹುಟ್ಟಿತು, ಅಳಲಿಲ್ಲ. ನರ್ಸು ಟವೆಲಿನಲ್ಲಿ ಸುತ್ತಿ ಕೈಗಿತ್ತಳು. ನಮ್ಮ ಲಾಂಡ್ರಿಯಲ್ಲಿ ಟವೆಲು ಮಡಚುವುದು ಒಬ್ಬೊಬ್ಬರದು ಒಂದೊಂದು ರೀತಿ; ನಾನು ಮಾತ್ರ ಕೊನೆಯ ಮೂಲೆಯನ್ನು ಒಳಗೆ ತುರುಕುತ್ತೇನೆ. ಅವಳ ಕೆನ್ನೆಯ ಹತ್ತಿರ ಆ ಮೂಲೆಯ ಗೆರೆ ಹಾಗೇ ಇತ್ತು. ನನ್ನ ಮಗಳಿಗೆ ನಾನೇ ಇಸ್ತ್ರಿ ಮಾಡಿ ಕಳಿಸಿದ್ದೆ. ಅವಳನ್ನು ಒಯ್ಯುವಾಗ ಟವೆಲು ಬಿಚ್ಚಿಕೊಂಡರೋ, ಹಾಗೇ ಒಯ್ದರೋ, ನನಗೆ ಗೊತ್ತಿಲ್ಲ. ಬಿಚ್ಚಿಕೊಂಡಿದ್ದರೆ ಅದು ಒಗೆಯಲು ಮತ್ತೆ ನಮ್ಮಲ್ಲಿಗೇ ಬಂದಿರುತ್ತದೆ, ಆದರೆ ಎಲ್ಲ ಟವೆಲೂ ಒಂದೇ ಬಿಳುಪು. ಆರು ವರ್ಷದಿಂದ ಪ್ರತಿಯೊಂದನ್ನೂ ಅಂಗೈ ಮೇಲೆ ಒಂದು ಗಳಿಗೆ ಇಟ್ಟು ನೋಡುತ್ತೇನೆ. ಕೆಲವು ಸಲ ಭಾರವಾಗಿರುತ್ತದೆ. ಹಾಗಾದಾಗ ಅದನ್ನು ಮಡಚಲು ಆಗುವುದಿಲ್ಲ, ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತೇನೆ.

ನೀವು ಪ್ರಚಾರಕ್ಕೆಂದು ನಮ್ಮ ಲಾಂಡ್ರಿಗೆ ಬಂದ ದಿನ ಮಹಡಿಯಿಂದ ಆರು ಕುರ್ಚಿ ಇಳಿದವು, ಮೆತ್ತೆಯ ಸಮೇತ. ಇಷ್ಟು ವರ್ಷ ಅವು ಅಲ್ಲೇ ಇದ್ದವಂತೆ! ಕ್ಯಾಮೆರಾ ಸಜ್ಜಾದ ಮೇಲೆ ನೀವು ಕೂತಲ್ಲಿಂದಲೇ, “ಅಮ್ಮಾ, ಎಷ್ಟು ಮಕ್ಕಳು?” ಎಂದು ಕೇಳಿದಿರಿ. ಗೊತ್ತಿದ್ದವರು ನನ್ನನ್ನು ಈ ಪ್ರಶ್ನೆ ಕೇಳುವುದೇ ಇಲ್ಲ. ನೀವು ಕೇಳಿದ ಕೂಡಲೇ “ಮೂರು” ಎಂಬ ಮಾತು ಬಾಯಿಂದ ಬಂದುಬಿಟ್ಟಿತು. ಹೆಸರೇನು, ಏನು ಓದುತ್ತಿದ್ದಾರೆ ಎಂದು ಇನ್ನೊಂದು ಪ್ರಶ್ನೆ ಕೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ನಿಮಗೆ ಸಂಖ್ಯೆ ಸಾಕಿತ್ತು. ನೀವು ಹೋದ ಕಾಲು ಗಂಟೆಗೆ ಕುರ್ಚಿಗಳೂ ಮಹಡಿ ಹತ್ತಿದವು.

ಅದು ನನ್ನ ತಪ್ಪು. ಅದನ್ನು ಹೊತ್ತುಕೊಂಡು ಸುಮ್ಮನೆ ಇದ್ದುಬಿಡುತ್ತಿದ್ದೆ. ಆದರೆ ಈಗ ನನ್ನೆದುರು ನಿಂತು ಬೆಡ್‌ಶೀಟು ಹಿಡಿಯುವ ಹುಡುಗಿ ಹೊಸಬಳು, ಆರು ತಿಂಗಳ ಬಸುರಿ. ಮೊನ್ನೆ ಅವಳೂ ಸ್ಟೂಲು ಕೇಳಿದಳು. ಮೇಸ್ತ್ರಿ ಎಲ್ಲ ಗೊತ್ತಿದ್ದೂ ಲಾಂಡ್ರಿಯ ಗೋಡೆಗೆ ಅಂಟಿಸಿದ ನಿಮ್ಮ ಪೋಸ್ಟರಿನ ಕಡೆ ಬೆರಳು ತೋರಿಸಿ, “ನೋಡಲ್ಲಿ, ನಿನ್ನ ಅಕ್ಕ ಮೂರು ಹೆತ್ರು, ಒಂದಿನ ಕೂತೋರಲ್ಲ” ಎಂದ. ಅವಳು ಬಂದು ನನ್ನ ಕೈ ಹಿಡಿದುಕೊಂಡಳು. “ಹೌದಾ ಅಕ್ಕಾ? ಹಾಗಿದ್ರೆ ನಂಗೂ ಏನೂ ಆಗಲ್ಲ ಅಲ್ವಾ?” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ರೋಲರ್ ಶುರುವಾಯಿತು. ಅವಳ ಕಾಲು ನೋಡಿದೆ. ಬೆರಳುಗಳ ನಡುವೆ ಸಂದೇ ಇಲ್ಲದಷ್ಟು ಊದಿವೆ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಅವಳಿಗೆ ಎಲ್ಲ ಹೇಳಿದೆ. ಅವಳು ತಿನ್ನುವುದನ್ನು ಬಿಟ್ಟು ಅತ್ತಳು. ಸಂಜೆಯ ತನಕ ನಿಂತೇ ಕೆಲಸ ಮಾಡಿದಳು, ಇನ್ನೇನು ಮಾಡಿಯಾಳು?

ಮಾನ್ಯರೇ, ನೀವು ಚುನಾವಣೆಗೆ ನಿಲ್ಲುತ್ತೀರಿ, ಒಂದು ಕುರ್ಚಿಗಾಗಿ. ತಪ್ಪೇನಿಲ್ಲ, ನಮಗೆ ಬೇಕಾದದ್ದೂ ಅದೇ. ನೀವು ಕೂತಿದ್ದ ಆ ಆರರಲ್ಲಿ ಒಂದನ್ನು ರೋಲರಿನ ಪಕ್ಕಕ್ಕೆ ಇಳಿಸಲು ಹೇಳಿ. ನಿಮ್ಮ ಒಂದು ಫೋನ್ ಸಾಕು, ಮಸೂದೆ ಬೇಡ. ಈ ವಾರವೇ ಹೇಳಿ, ಅವಳ ಹತ್ತಿರ ಸಮಯವಿಲ್ಲ. ಪೋಸ್ಟರನ್ನು ಕೀಳಿಸಿ. ಭಾಷಣದಿಂದ ಮಾತ್ರ ನನ್ನನ್ನು ತೆಗೆಯಬೇಡಿ, ಮೂರು ಎಂದೇ ಹೇಳಿ. ಈ ಜಗತ್ತಿನಲ್ಲಿ ಅವರನ್ನು ಎಣಿಸುವವರು ನಾನು ಬಿಟ್ಟರೆ ನೀವೊಬ್ಬರೇ. ಅದರ ಮುಂದೆ ಒಂದು ಪದ ಸೇರಿಸಿ: ನಿಲ್ಲಲಿಲ್ಲ.

ಇಂತಿ,
ನಿಂತುಕೊಂಡೇ ಇದನ್ನು ಬರೆದ,
ನಿಮ್ಮ ಪೋಸ್ಟರಿನ ತಾಯಿ