ಕಬಿತ ಅಲ್ಲ, ಕವಿತೆ

ದಮ್ಮಾಮ್
೧ ಜುಲೈ ೨೦೧೧, ಶುಕ್ರವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಸೊಂಟನೋವು ಹೇಗಿದೆ? ಕಳೆದ ವಾರ ಫೋನಿನಲ್ಲಿ ಕೇಳಿದಾಗ ನೀನು "ಅದು ಅಲ್ಲೇ ಉಂಟು, ಎಲ್ಲಿಗೆ ಹೋಗ್ತದೆ" ಎಂದು ನಕ್ಕೆ. ನೀನು ಹಾಗೆ ನಕ್ಕರೆ ನೋವು ಜಾಸ್ತಿಯಾಗಿದೆ ಎಂದೇ ಅರ್ಥ. ಅಪ್ಪನ ಕಾಲಿನ ಹುಣ್ಣು ಒಣಗಿತೇ? ಕೆಸರಿಗೆ ಇಳಿಯಬೇಡಿ ಎಂದರೆ ಐತ ಎಂಬ ಹೆಸರಿನ ನನ್ನ ಅಪ್ಪ ಕೇಳುವ ಜನವಲ್ಲ, ಗೊತ್ತು. ತಂಗಿ ವಿಸ್ಮಯಳಿಗೆ ಕಾಲೇಜು ಶುರುವಾಗಿರಬೇಕು. ನಾನು ಚೆನ್ನಾಗಿದ್ದೇನೆ. ಇಲ್ಲಿ ಈಗ ನಲ್ಲಿ ತಿರುಗಿಸಿದರೆ ಕುದಿಯುವ ನೀರು. ಬೆಳಿಗ್ಗೆ ಬಕೆಟ್ ತುಂಬಿಸಿಟ್ಟು ಸಂಜೆಯವರೆಗೆ ಆರಲು ಬಿಟ್ಟು ಸ್ನಾನ ಮಾಡುತ್ತೇವೆ. ಈ ಕಾಗದವನ್ನು ನೀನೇ ಓದಬೇಕು, ವಿಸ್ಮಯಳ ಕೈಗೆ ಕೊಡಬೇಡ. ಫೋನಿನಲ್ಲಿ ಹೇಳೋಣವೆಂದರೆ ಅವಳು ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರುತ್ತಾಳೆ. ನೀನು ಬೆರಳಿಟ್ಟು ಓದುವುದಕ್ಕೆ ಆಗಲಿ ಎಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ಹತ್ತನೇ ತಾರೀಕು ಭಾನುವಾರ ನಮ್ಮ ಮನೆಗೆ ಜನ ಬರುತ್ತಾರೆಂದು ಹೇಳಿದ್ದೆನಲ್ಲ, ಅವರು ನಮ್ಮ ಆಫೀಸಿನ ಮ್ಯಾನೇಜರ್ ಅಬ್ದುಲ್ ಜಲೀಲ್ ಸಾಹೇಬರು. ಉಡುಪಿ ಕಡೆಯವರು. ಹೆಂಡತಿ ಖದೀಜತ್, ಬಾಯಿ ತುಂಬ ಮಾತಾಡುವವರು. ಮಗಳು ಹಿಬಾ ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸು. ನಾನು ಇಂಗ್ಲಿಷ್ ಎಂ.ಎ. ಎಂದು ತಿಳಿದು ಮಗಳಿಗೆ ಪಾಠ ಹೇಳಲು ಕರೆದರು. ಶುಕ್ರವಾರ ಅವರು ನಮಾಜು ಮುಗಿಸಿ ಬಂದ ಮೇಲೆ ಹೋಗುತ್ತೇನೆ. ಮೊದಲನೆಯ ದಿನ ಸೋಫಾದ ತುದಿಯಲ್ಲಿ ಕೂತಿದ್ದೆ. ಖದೀಜತ್ ಚಾ ಕೊಟ್ಟು "ಊರಲ್ಲಿ ಅಮ್ಮ ಎಂತ ಮಾಡುದು?" ಎಂದು ಕೇಳಿದರು. ನನ್ನ ಬಾಯಿಯಿಂದ ಬಂದದ್ದು "ಟೀಚರ್". ಅದು ಸಾಲದೆಂಬಂತೆ "ಕನ್ನಡ ಟೀಚರ್" ಎಂದೂ ಸೇರಿಸಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, "ಹಾಗೆ ಹೇಳಿ! ಅದಕ್ಕೇ ನಿಮ್ಮ ಮಾತು ಇಷ್ಟು ಸಾಫು" ಎಂದರು. ಆ ಮೇಲೆ ಪ್ರತಿ ಶುಕ್ರವಾರ "ಟೀಚರಮ್ಮ ಹೇಗಿದ್ದಾರೆ" ಎಂದು ಕೇಳುತ್ತಾರೆ. ಚೆನ್ನಾಗಿದ್ದಾರೆ ಎನ್ನುತ್ತೇನೆ. ಈಗ ರಜೆಯಲ್ಲಿ ಊರಿಗೆ ಹೋಗುವಾಗ ನಿನ್ನನ್ನು ನೋಡಿಯೇ ಬರುತ್ತೇವೆ ಎಂದು ಹಟ ಹಿಡಿದಿದ್ದಾರೆ. ಆದ್ದರಿಂದ ಅಮ್ಮಾ, ಆ ಭಾನುವಾರ ಕೆಲಸಕ್ಕೆ ಹೋಗಬೇಡ. ನೀಲಿ ಸೀರೆ ಉಟ್ಟು ಮನೆಯಲ್ಲೇ ಇರು. ಟೀಚರ್ ಎಂದು ಕರೆದರೆ ಸುಮ್ಮನೆ ನಕ್ಕುಬಿಡು. ರಿಟೈರಾಯಿತು ಅನ್ನು. ಇದು ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಸಮಯ, ನಿನ್ನ ಉಗುರಿನ ಕೆಸರು ತೊಳೆದರೂ ಹೋಗುವುದಿಲ್ಲ. ಆದಷ್ಟು ಕೈಯನ್ನು ಸೆರಗಿನೊಳಗೆ ಇಟ್ಟುಕೋ. ಇದನ್ನು ಬರೆಯುವಾಗ ನನ್ನ ಮುಖ ಬಿಸಿಯಾಗುತ್ತಿದೆ. ಆದರೂ ಬರೆದಿದ್ದೇನೆ.

ಹಿಬಾಳ ಪ್ರಾಜೆಕ್ಟ್ ಏನೆಂದರೆ, ಇಂಗ್ಲಿಷ್ ಕಾವ್ಯ ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬುದು. ಇಂಥ ವಿಷಯ ಬಂದರೆ ನನಗೆ ಮಾತು ಬರುತ್ತದೆ, ನಿನಗೆ ಗೊತ್ತಲ್ಲ, ಮನುಷ್ಯರೊಡನೆ ಬಾರದ್ದು. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಓದು ಬರಹವೆಲ್ಲ ಮಠದ ಸನ್ಯಾಸಿಗಳ ಕೈಯಲ್ಲಿತ್ತು. ಉಳಿದವರು ಬೆಂಕಿಯ ಸುತ್ತ ಕೂತು ಹಾಡುತ್ತಿದ್ದರು. ಸಾಲಿನ ಕೊನೆಯಲ್ಲಿ ಪ್ರಾಸವಿರಲಿಲ್ಲ, ಪದಗಳ ಮೊದಲ ಸದ್ದೇ ಮತ್ತೆ ಮತ್ತೆ ಬಂದು ಹಾಡನ್ನು ಹಿಡಿದಿಡುತ್ತಿತ್ತು. ಹಾಡಿದವರ ಹೆಸರು ಹೆಚ್ಚಾಗಿ ಯಾರಿಗೂ ಗೊತ್ತಿಲ್ಲ. ಆಮೇಲೆ ಕಡಲಾಚೆಯಿಂದ ಬಂದ ಹೊಸ ದೊರೆಗಳ ಭಾಷೆಯ ಜೊತೆ ಸಾಲಿನ ತುದಿಯ ಪ್ರಾಸ ಬೇರೂರಿತು. ಮುಂದೆ ಅರಮನೆಯವರು ಪ್ರೀತಿಸಿದವಳಿಗೆ ಹದಿನಾಲ್ಕೇ ಸಾಲಿನಲ್ಲಿ ಬರೆದು, ಕಾಗದ ಮಡಚಿ ಕೈಯಿಂದ ಕೈಗೆ ದಾಟಿಸಿದರು. ಆಮೇಲೆ ಪೇಟೆಯ ಬುದ್ಧಿವಂತರ ಕಾಲ. ಎರಡೆರಡು ಸಾಲು ಕೆತ್ತಿದ ಕೆಂಪುಕಲ್ಲಿನ ಹಾಗೆ ಒಂದಕ್ಕೊಂದು ಕೂತುಕೊಳ್ಳಬೇಕು, ನಡುವೆ ಸೂಜಿ ಹೋಗಬಾರದು. ಅದು ಸಾಕಾದವರು ಬೆಟ್ಟ ಕೆರೆಗಳ ಕಡೆ ನಡೆದುಹೋಗಿ, ಇನ್ನು ಹಳ್ಳಿಯ ಜನ ಆಡುವ ಮಾತಿನಲ್ಲೇ ಬರೆಯುತ್ತೇವೆ ಎಂದರು. ಕಾರ್ಖಾನೆಗಳ ಹೊಗೆ ಎದ್ದಾಗ ದೇವರ ಮೇಲೆ ಅನುಮಾನ ಬಂದು ಕವಿತೆ ಗಂಭೀರವಾಯಿತು. ದೊಡ್ಡ ಯುದ್ಧದಲ್ಲಿ ಕಂದಕದ ಕೆಸರಿನಲ್ಲಿ ಮಲಗಿದ ಹುಡುಗರು ಬರೆದದ್ದು ಬೇರೆಯೇ ತೆರ. ಅದೇ ಕಾಲದಲ್ಲಿ ಪ್ರಾಸ, ಲೆಕ್ಕ ಎಲ್ಲ ಒಡೆದು, ಬಿದ್ದ ಕನ್ನಡಿಯ ಚೂರುಗಳಂತೆ ಬರೆಯುವವರೂ ಬಂದರು. ಆ ಮೇಲೆ ಅವರು ಆಳಿದ ದೇಶಗಳ ಮಕ್ಕಳು ಅದೇ ಭಾಷೆಯಲ್ಲಿ ತಮ್ಮ ಮನೆಯ ವಿಷಯ ಬರೆಯತೊಡಗಿದರು. ಇಷ್ಟನ್ನೂ ನಾನು ನಾಲ್ಕು ಶುಕ್ರವಾರಗಳಲ್ಲಿ ಹೇಳಿ ಮುಗಿಸಿದೆ. ಜಲೀಲ್ ಸಾಹೇಬರು ಪೇಪರ್ ಮಡಚಿಟ್ಟು ಕೇಳುತ್ತಿದ್ದರು.

ಕಳೆದ ವಾರ ಹಿಬಾ ಪೆನ್ನು ಕೆಳಗಿಟ್ಟು ಕೇಳಿದಳು, "ಸರ್, ಆ ಫಸ್ಟ್‌ನವರ ಹಾಗೆ, ಬರೀದೆ ಹಾಡುವವರನ್ನು ನೀವು ಯಾವಾಗಾದ್ರೂ ನೋಡಿದ್ದೀರಾ?" ನಾನು "ಇಲ್ಲ" ಎಂದೆ. ಪಾಪ, ಅವಳು ಬರೆದುಕೊಂಡಳು. ರೂಮಿಗೆ ಬಂದ ಮೇಲೆ ನನ್ನ ಚಿಕ್ಕಂದಿನ ಗದ್ದೆ ಕಣ್ಣೆದುರು ಬಂತು. ಬದುವಿನ ಮೇಲೆ ನನ್ನನ್ನು ಕೂರಿಸಿ ನೀವು ಹತ್ತು ಹನ್ನೆರಡು ಹೆಂಗಸರು ಬೆನ್ನು ಬಗ್ಗಿಸಿ, ಹಿಂದೆ ಹಿಂದೆ ಸರಿಯುತ್ತಾ ನೇಜಿ ನೆಡುತ್ತಿದ್ದಿರಿ. ನೀನು ಒಂದು ಸಾಲು ಎತ್ತಿದರೆ ಉಳಿದವರು ಅದನ್ನು ಹಿಡಿದುಕೊಳ್ಳುತ್ತಿದ್ದರು. ಒಂದೇ ಸದ್ದು ಸಾಲಿನಲ್ಲಿ ಮೂರು ಮೂರು ಸಲ ಬೀಳುತ್ತಿತ್ತು, ಅದೇ ಸದ್ದಿಗೆ ಕೈಗಳೆಲ್ಲ ಒಟ್ಟಿಗೆ ಕೆಸರಿಗೆ ಇಳಿಯುತ್ತಿದ್ದವು. ಕಾಲೇಜಿನಲ್ಲಿ ಮೇಷ್ಟ್ರು ಆ ಹಳೆಯ ಕಾವ್ಯದ ಲಕ್ಷಣವನ್ನು ಬೋರ್ಡಿನ ಮೇಲೆ ಬರೆದಾಗ ಕ್ಲಾಸಿನಲ್ಲಿ ನನಗೊಬ್ಬನಿಗೇ ಅದು ಕಿವಿಯಲ್ಲಿ ಕೇಳಿಸಿತು. ಆಗಲೂ ನಾನು ಕೈ ಎತ್ತಲಿಲ್ಲ.

ಹಾಸ್ಟೆಲಿಗೆ ನೀನು ಹಲಸಿನ ಹಪ್ಪಳ ಹಿಡಿದುಕೊಂಡು ಬಂದ ದಿನ ನೆನಪಿದೆಯೇ? ಮರೆತಿರು ಎಂದು ಆಸೆ. ನನ್ನ ಗೆಳೆಯರ ಎದುರು "ನೀನು ಕಲಿಯುದು ಎಂತ ಮಗಾ?" ಎಂದು ಕೇಳಿದೆ. ಇಂಗ್ಲಿಷ್ ಕವಿತೆ ಎಂದೆ. ನಿನ್ನ ಮುಖ ಅರಳಿತು. "ಕಬಿತವಾ? ಅದನ್ನು ಕಲೀಲಿಕ್ಕೆ ಇಷ್ಟು ದೂರ ಯಾಕೆ ಬಂದದ್ದು? ನನ್ನತ್ರ ಕೇಳಿದ್ರೆ ಆಗ್ತಿರ್ಲಿಲ್ವಾ?" ನಿನಗೆ ಕಬಿತ ಎಂದರೆ ನೇಜಿ ನೆಡುವಾಗಿನ ಹಾಡು, ಬೇರೆ ಅರ್ಥವೇ ಇಲ್ಲ. ಅವರೆಲ್ಲ ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕೆಟ್ಟದ್ದು ಬಂದದ್ದು ನನ್ನಿಂದ. "ಕಬಿತ ಅಲ್ಲ, ಕವಿತೆ. ನಿನಗೆ ಗೊತ್ತಾಗುದಿಲ್ಲ, ಸುಮ್ನಿರು" ಎಂದೆ. ನೀನು ಚಾ ಕೂಡ ಕುಡಿಯದೆ ಮೂರು ಗಂಟೆಯ ಬಸ್ಸಿಗೆ ಹೋದೆ. ಹಳ್ಳಿಯವರ ಮಾತಿನಲ್ಲಿ ಬರೆಯುತ್ತೇವೆಂದ ಆ ಕವಿಗಳು ಯಾವ ಹಳ್ಳಿಯವರಿಂದ ಆ ಮಾತು ಕಲಿತರೋ ಅವರ ಹೆಸರು ಬರೆದಿಡಲಿಲ್ಲ ಎಂದು ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಮಾರ್ಕು ತೆಗೆದುಕೊಂಡೆ. ಅವರು ಹೆಸರನ್ನಷ್ಟೇ ಬಿಟ್ಟರು. ನಾನು ಅಮ್ಮ ಎಂಬ ಹೆಸರು ಇಟ್ಟುಕೊಂಡು ಆಳನ್ನೇ ಬದಲಾಯಿಸಿದೆ.

ಇಲ್ಲಿಂದ ಅಂಚೆಗೆ ಹಾಕಿದರೆ ಹದಿನೈದು ದಿನವಾಗುತ್ತದೆ. ಜಲೀಲ್ ಸಾಹೇಬರು ನಾಡಿದ್ದು ಹೊರಡುತ್ತಾರೆ. ಮಂಗಳೂರಿನಲ್ಲಿ ಇಳಿದ ಕೂಡಲೇ ಅಂಚೆಗೆ ಹಾಕಿಸುತ್ತಾರೆ, ಭಾನುವಾರಕ್ಕೆ ಮೊದಲು ನಿನಗೆ ಸಿಗುತ್ತದೆ. ಅಪ್ಪನಿಗೆ ನನ್ನ ನಮಸ್ಕಾರ. ವಿಸ್ಮಯಳಿಗೆ ಚೆನ್ನಾಗಿ ಓದಲು ಹೇಳು. ನಿನ್ನ ಆಶೀರ್ವಾದ ಕೇಳುವ ಧೈರ್ಯ ಈ ಸಲ ನನಗಿಲ್ಲ, ಇದ್ದರೆ ಕಳಿಸು.

ನಿನ್ನ ಮಗ
ಅಖಿಲೇಶ್

ತಾ.ಕ.: ಇದನ್ನು ಜಲೀಲ್ ಸಾಹೇಬರ ಮನೆಯ ಊಟದ ಮೇಜಿನ ಮೇಲೆ ಅವಸರದಲ್ಲಿ ಬರೆಯುತ್ತಿದ್ದೇನೆ. ಊರಿಗೆ ಹೋಗುವವರ ಕೈಯಲ್ಲಿ ಕೊಡುವ ಕಾಗದಕ್ಕೆ ಇಲ್ಲಿ ಯಾರೂ ಅಂಟು ಹಾಕುವುದಿಲ್ಲ, ಹಾಕಿದರೆ ಕೊಂಡುಹೋಗುವವರ ಮೇಲೆ ನಂಬಿಕೆ ಇಲ್ಲ ಎಂದಂತೆ. ನಾನು ಎರಡೆರಡು ಸಲ ಅಂಟು ಹಾಕಿ ತಂದಿದ್ದೆ. ಸಾಹೇಬರು ಲಕೋಟೆ ತಿರುಗಿಸಿ ನೋಡಿ "ಎಂತ ಮಾರಾಯ, ನಾವು ಓದ್ತೇವೆ ಅಂತ ಹೆದರಿಕೆಯಾ?" ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಹೇಳಿಬಿಟ್ಟೆ ಅಮ್ಮಾ. ನನ್ನ ಅಮ್ಮ ಟೀಚರ್ ಅಲ್ಲ, ಪುಷ್ಪಾವತಿ ಎಂದು ಹೆಸರು, ಬೇರೆಯವರ ಗದ್ದೆಯಲ್ಲಿ ಕೂಲಿಗೆ ನೇಜಿ ನೆಡುತ್ತಾಳೆ, ಹಾಡುತ್ತಾಳೆ ಎಂದೆ. ಸಾಹೇಬರು ಲಕೋಟೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಖದೀಜತ್ ಮಾತ್ರ ಬಿಡಲಿಲ್ಲ. "ಸುಳ್ಳು ಹೇಳುದಾದ್ರೆ ಸಂಬಳ ಜಾಸ್ತಿ ಉಂಟು ಅಂತ ಹೇಳ್ಬೇಕು, ಅಮ್ಮನನ್ನು ಯಾಕೆ ಬದಲಾಯಿಸುದು?" ಎಂದು ಮಗಳ ಎದುರೇ ಬೈದರು. ಹಿಬಾ ತನ್ನ ಪುಸ್ತಕದಲ್ಲಿ ಆ "ಇಲ್ಲ"ವನ್ನು ಹೊಡೆದುಹಾಕಿದಳು. ನಿನ್ನ ಹಾಡು ಕೇಳಬೇಕಂತೆ ಅವಳಿಗೆ. ನಾನು ಮಾತು ಕೊಟ್ಟಿಲ್ಲ, ಹಾಡುವುದೂ ಬಿಡುವುದೂ ನಿನ್ನ ಇಷ್ಟ ಎಂದಿದ್ದೇನೆ. ಲಕೋಟೆ ಬಿಡಿಸಿ, ಸೀರೆ, ಸೆರಗು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕೋಣವೆಂದುಕೊಂಡೆ, ಆದರೆ ನಾನು ಅದನ್ನೂ ಬರೆದೆ ಎಂಬುದು ನಿನಗೆ ಗೊತ್ತಿರಲಿ. ಭಾನುವಾರ ಕೆಲಸವಿದ್ದರೆ ಹೋಗು, ಮನೆಯಲ್ಲಿ ಕಾಯಬೇಡ. ಅವರು ಗದ್ದೆಗೇ ಬರುತ್ತಾರೆ, ದಾರಿ ಬರೆದುಕೊಟ್ಟಿದ್ದೇನೆ.