ನೀರಿಗಿಟ್ಟ ಹಲಗೆ

ಉಸ್ತಾದರೇ,

ಹಲಸೂರಿನ ನಿಮ್ಮ ಮರಗೆಲಸದ ಅಂಗಡಿಗೆ ನಾನು ಮೊದಲು ಬಂದ ದಿನ ಅಲ್ಲಿ ಮರವೇ ಇರಲಿಲ್ಲ. ಯುದ್ಧಕ್ಕೆಂದು ತೇಗ, ಮತ್ತಿ ಎಲ್ಲ ಮಿಲಿಟರಿಯ ಪಾಲಾಗಿತ್ತು. ಗಾಣದವರು ಎಸೆದ ಕಡಲೆಕಾಯಿ ಸಿಪ್ಪೆಯನ್ನು ನೀವು ಒರಳಲ್ಲಿ ಕುಟ್ಟುತ್ತಿದ್ದಿರಿ. "ಇಸ್ಕೂಲು ಯಾಕೋ ಬಿಟ್ಟೆ?" ಅಂದಿರಿ. "ಕೂತ್ಕೊಂಡಿರೋಕಾಗಲ್ಲ" ಅಂದೆ. "ಹಂಗಾದ್ರೆ ನಿಂತ್ಕೊಂಡು ಕುಟ್ಟು, ಬೇಟಾ" ಅಂತ ಒನಕೆ ಕೊಟ್ಟಿರಿ.

ಹುಣಸೆ ಬೀಜದ ಅಂಟು ಕಾಯಿಸಿ, ಸಿಪ್ಪೆಯ ಪುಡಿ ಕಲಸಿ, ಅಚ್ಚಿಗೆ ತುಂಬಿ, ಮೇಲೆ ಚಪ್ಪಡಿ ಕಲ್ಲು ಹೇರುತ್ತಿದ್ದೆವು. ಮೊದಲ ಹಲಗೆ ಒಣಗಿದಾಗ ನೀವು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದ್ದು ನೆನಪಿದೆಯೇ? "ಒಂದು ಮರಾನೂ ಬೀಳ್ಲಿಲ್ಲ, ನೋಡು!" ಅಂದಿರಿ.

ಆಮೇಲೆ ಮಿಲಿಟರಿಯ ಕಂಟ್ರಾಕ್ಟರೊಬ್ಬ ಬಂದ. ಬ್ಯಾರಕ್ಕಿನ ಮೇಜುಗಳಿಗೆ ಇದೇ ಹಲಗೆ ಸಾಕು ಅಂದ. "ನೀರು ತಡೀತದಾ?" ಅಂತ ಕೇಳಿದ. ನೀವು "ತಡೀತದೆ ಸಾಬ್" ಅನ್ನುವಷ್ಟರಲ್ಲಿ ನಾನು "ಇಲ್ಲ, ಉಬ್ಬುತ್ತೆ" ಅಂದುಬಿಟ್ಟೆ. ಅವನು ಸೈಕಲ್ ಹತ್ತಿ ಹೋದ. "ನಿನ್ನನ್ನ ಯಾರು ಕೇಳಿದ್ರು?" ಅಂದಿರಿ. ನನ್ನೊಡನೆ ಆಡಿದ ಕೊನೆಯ ಮಾತು ಅದೇ. ಮರುವಾರ ನಿಮಗೆ ಜ್ವರ. ಎರಡು ಸಲ ಮನೆ ಬಾಗಿಲವರೆಗೆ ಬಂದು ಹಿಂದಿರುಗಿದೆ. ತಪ್ಪಾಯಿತು ಅಂದಿದ್ದರೆ ಸುಳ್ಳಾಗುತ್ತಿತ್ತು. ಏನೂ ಅನ್ನದೆ ಸುಮ್ಮನೆ ಕಾಲ ಬಳಿ ಕೂತಿದ್ದರೆ...

ಖಬರಸ್ತಾನದಲ್ಲಿ ನಿಮ್ಮನ್ನು ಮಲಗಿಸಿದ ಮೇಲೆ, ಮಣ್ಣು ಮೈಮೇಲೆ ಬೀಳದಂತೆ ಹಲಗೆ ಮುಚ್ಚಬೇಕಿತ್ತು. ಮರ ಎಲ್ಲಿತ್ತು? ನಿಮ್ಮ ಮಗ ನಮ್ಮ ಸಿಪ್ಪೆಯ ಹಲಗೆಗಳನ್ನೇ ಹೊತ್ತು ತಂದಿದ್ದ. "ಅಬ್ಬಾನ ಕೈಕೆಲಸ, ಇದೇ ಇರ್ಲಿ" ಅಂದ. "ಬೇಡ ಭಾಯ್, ಒಂದು ಮಳೆಗೆ ಕುಸೀತದೆ" ಅಂದೆ. "ಇಲ್ಲೂ ಬಾಯಿ ಮುಚ್ಚಲ್ವೇನೋ ನೀನು?" ಅಂತ ಅತ್ತುಬಿಟ್ಟ. ಕೊನೆಗೆ ಅಂಗಡಿಯಿಂದ ಚಪ್ಪಡಿ ಕಲ್ಲು ತರಿಸಿದರು. ನಾವು ಹಲಗೆ ಒತ್ತುತ್ತಿದ್ದ ಅವೇ ಕಲ್ಲುಗಳು. ಈಗ ನಿಮ್ಮ ಮೇಲಿವೆ.

ಅಂದಿನಿಂದ ಅಂಟನ್ನು ಬದಲಿಸಿ ನೋಡುತ್ತಿದ್ದೇನೆ. ಕಗ್ಗದಾಸಪುರದ ನಮ್ಮ ಮನೆಯಲ್ಲಿ ಹಾಲು ಒಡೆಸಿ, ಹಿಂಡಿ, ಸುಣ್ಣ ಬೆರೆಸಿ ಅಂಟು ಮಾಡಿದೆ. ಅದರಲ್ಲಿ ಸಿಪ್ಪೆಯ ಪುಡಿ ಕಲಸಿ, ಒತ್ತಲು ಬೀಸುಕಲ್ಲು ಇಟ್ಟೆ. "ಓದೂ ಹೋಯ್ತು, ಈಗ ಹಾಲೂ ಹೋಯ್ತು" ಅಂತ ಅಮ್ಮ ಬೈದಳು. ಕಳೆದ ವಾರ ಆ ಹಲಗೆಯನ್ನು ಬಾನಿಯ ನೀರಲ್ಲಿ ಮುಳುಗಿಸಿದೆ. ಮೂರು ದಿನ ಏನೂ ಆಗಲಿಲ್ಲ, ಉಸ್ತಾದರೇ! ನಿಮ್ಮ ಹಾಗೆಯೇ ತಟ್ಟಿ ಕಿವಿಯಿಟ್ಟೆ. ಮರದ ಸದ್ದೇ ಬಂತು.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ನಾಲ್ಕನೆಯ ದಿನ ಅಂಚು ಒಂದು ನೂಲಿನಷ್ಟು ಉಬ್ಬಿತು. ಮತ್ತೆ ಕುಟ್ಟುತ್ತಿದ್ದೇನೆ, ನಿಂತುಕೊಂಡೇ.